ಮೂರು ಊರಿನ ಒಂದು ಮನೆ

ನಮ್ಮ ಸೋದರಮಾವನದು ಬಹಳ ದೊಡ್ಡ ಮನೆ. ಎಷ್ಟು ದೊಡ್ಡದೆಂದರೆ ಅಡುಗೆಮನೆ ಬಾದಾಮಿಯಲ್ಲಿತ್ತು, ನಡುಮನೆ ಹುನಗುಂದದಲ್ಲಿತ್ತು, ಪಡಸಾಲೆ ಇಳಕಲ್ಲಿನಲ್ಲಿತ್ತು! ಊಟ ಮುಗಿಸಿ ಪಡಸಾಲೆಗೆ ಬಂದು ಎಲೆ ಅಡಿಕೆ ಹಾಕಿಕೊಳ್ಳಬೇಕೆಂದರೆ ಬಸ್ಸು ಹಿಡಿಯಬೇಕು. ಇಷ್ಟೆಲ್ಲ ಇಟ್ಟುಕೊಂಡ ಮನುಷ್ಯ ಸ್ವತಃ ಇದ್ದದ್ದು ಮಾತ್ರ ಬಾಗಲಕೋಟೆಯ ಒಂದು ಬಾಡಿಗೆ ಮನೆಯಲ್ಲಿ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ತಪ್ಪಿಲ್ಲ ಬಿಡಿ. ಮೂರೂ ಖರೀದಿಗೆ ಸಾಕ್ಷಿಯಾಗಿ ಸಹಿ ಹಾಕಿದ ನನಗೇ ಅದು ಇಂದಿಗೂ ಪೂರ್ತಿ ತಿಳಿದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಾವ ಬಾಗಲಕೋಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಬಟ್ಟೆ ಅಳೆದು ಹರಿದು ಕೊಡುವ ಕೆಲಸದಲ್ಲಿದ್ದ. ಸಂಬಳ ಕಡಿಮೆ, ಆಸೆ ಜಾಸ್ತಿ. ನಾನು ಅದೇ ಊರಿನ ಕಾಲೇಜಿನಲ್ಲಿ ಓದುತ್ತ ಅವನ ಮನೆಯಲ್ಲೇ ಉಳಿದಿದ್ದೆ. ಒಂದು ದಿನ ಅಂಗಡಿಯಿಂದ ಬಂದವನೇ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ ನನ್ನನ್ನು ಎದುರಿಗೆ ಕೂಡಿಸಿಕೊಂಡ.

"ಲೇ ಅಳಿಯಾ, ಅಂಗಡಿಗೆ ಬಂದ ಹೆಣಮಗಳು ಇಡೀ ಬಟ್ಟಿ ತಾನ ಕೊಡ್ರಿ ಅಂತಾಳೇನು?"

"ಇಲ್ಲ."

"ಏನಂತಾಳ?"

"ಒಂದ ಕುಪ್ಪಸದ ಖಣಾ ಕೊಡ್ರಿ ಅಂತಾಳ."

"ಹಾಂ! ರೊಕ್ಕ ಕಡಿಮಿ ಇದ್ದವರು ಹರಕೊಂಡ ತಗೋಬೇಕು. ಮನಿಗೂ ಅದ ಕಾಯ್ದೆ. ಇಡೀ ಮನಿ ತಗೋತೇನಿ ಅಂತ ಕುಂತ್ರ ಕೂದಲಾ ಬೆಳ್ಳಗಾಗ್ತಾವ. ನಾ ಹರಕೊಂಡ ತಗೋತೇನಿ."

ಮನೆಯನ್ನು ಹರಿದುಕೊಂಡು ತೆಗೆದುಕೊಳ್ಳುವುದೆಂದರೆ ಹೇಗೆ? ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಾರೆ. ಎರಡು ಸಾಲು ಕಂಬ, ಮೇಲೆ ತೊಲೆ. ಆ ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಐದಂಕಣದ ಮನೆ ಇದ್ದವರೆಂದರೆ ಹೆಣ್ಣು ಕೊಡುವವರು ಸಂತೋಷದಿಂದ ಕೊಡುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆಯನ್ನೂ ಅಂಕಣದ ಮೇಲೆಯೇ ಪಾಲು ಮಾಡಿಕೊಳ್ಳುತ್ತಾರೆ. ಆಗ ಒಬ್ಬನ ಪಾಲಿಗೆ ತಲಬಾಗಿಲು ಬಂದರೆ ಇನ್ನೊಬ್ಬನ ಪಾಲಿಗೆ ಬರೀ ಅಡುಗೆಮನೆ ಬರುತ್ತದೆ. ಹಾಗೆ ಅಡುಗೆಮನೆ ಬಂದವನು ಸೋಲಾಪುರದ ಗಿರಣಿಗೋ ಗೋವೆಗೋ ಹೋಗಿ ನೆಲೆಸಿದ್ದರೆ ಅದನ್ನು ಏನು ಮಾಡಬೇಕು? ಮಾರಬೇಕು. ಬೇರೆಯವರ ಮನೆಯ ನಡುವಿನ ಒಂದು ಅಡುಗೆಮನೆಯನ್ನು ಯಾರು ಕೊಳ್ಳುತ್ತಾರೆ? ನಮ್ಮ ಮಾವ ಕೊಳ್ಳುತ್ತಾನೆ!

ಇದ್ದ ಊರಲ್ಲೇ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗಿನ ಬಾಗಲಕೋಟೆಯನ್ನು ಕಂಡವರು ಹಾಗೆ ಕೇಳುವುದಿಲ್ಲ. ಆಣೆಕಟ್ಟಿನ ನೀರು ಬರುತ್ತದೆ, ಊರು ಮುಳುಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಯಾವಾಗ ಬರುತ್ತದೆ, ಎಲ್ಲಿಯವರೆಗೆ ಬರುತ್ತದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಒಂದು ಚಹಾದಂಗಡಿಯಲ್ಲಿ ಕುಳಿತರೆ ನೀರು ಪೇಟೆಯ ಮೆಟ್ಟಿಲ ತನಕ ಬರುತ್ತಿತ್ತು, ಎದುರಿನ ಚಹಾದಂಗಡಿಯಲ್ಲಿ ಕುಳಿತರೆ ರೈಲ್ವೆ ಸ್ಟೇಷನ್ ತನಕ ಏರುತ್ತಿತ್ತು. ಯಾರಾದರೂ ಮನೆಗೆ ಸುಣ್ಣ ಬಣ್ಣ ಮಾಡಿಸಿದರೆ ಓಣಿಯವರು "ಮೀನ ನೋಡ್ಲಿ ಅಂತ ಹಚ್ಚಸಾಕತ್ತೀರೇನ್ರಿ?" ಎಂದು ಕೇಳುತ್ತಿದ್ದರು. ಮಾವ ಎರಡೂ ಅಂಗಡಿಯಲ್ಲಿ ಚಹಾ ಕುಡಿದು, ಎರಡೂ ಕಡೆಯ ಮಾತು ಕೇಳಿ, ತನ್ನದೇ ತೀರ್ಮಾನಕ್ಕೆ ಬಂದ.

"ಒಂದ ಊರಾಗ ಇಟ್ರ ಒಂದ ಸಲಕ್ಕ ಮುಳಗತೈತಿ. ಮೂರ ಊರಾಗ ಇಟ್ಟೆ ಅಂದ್ರ, ಎಲ್ಲಿಗೆ ಹೋಗ್ಲಿ ಅಂತ ನೀರಿಗ ತಲಿ ತಿರಗಬೇಕು!"

ನೀರಿನ ಗತಿ ಏನಾಯಿತೋ, ನನಗಂತೂ ತಿರುಗಿತು.

ಮೊದಲ ಖರೀದಿ ಬಾದಾಮಿಯ ಅಡುಗೆಮನೆ. ಆ ಮನೆಯಲ್ಲಿ ಒಬ್ಬ ಮುದುಕಿ, ಅವಳ ಹಿರಿಯ ಮಗ, ಸೊಸೆ, ಮೊಮ್ಮಕ್ಕಳು ಇದ್ದರು. ಕಿರಿಯ ಮಗ ಗೋವೆಯಿಂದ ಬಂದು ತನ್ನ ಪಾಲಿನ ಅಂಕಣವನ್ನು ಮಾವನಿಗೆ ಮಾರಿ ಹೋದ. ಒಲೆ, ಒರಳು, ನೀರಿನ ಹರವಿ ಎಲ್ಲವೂ ಮಾವನ ಜಾಗದಲ್ಲಿ. ಅವರು ತೆಗೆಯಲಿಲ್ಲ, ಇವನೂ ತೆಗೆಯಿರಿ ಎನ್ನಲಿಲ್ಲ. ಅಮಾವಾಸ್ಯೆಗೊಮ್ಮೆ ಮಹಾಕೂಟಕ್ಕೆ ಹೋಗಿ ಹೊಂಡದಲ್ಲಿ ಮುಳುಗೆದ್ದು, ಹಾಗೇ ಬಾದಾಮಿಗೆ ಬಂದು "ಆಸ್ತಿ ನೋಡಿಕೊಂಡ ಬರೂಣು ನಡಿ" ಎಂದು ನನ್ನನ್ನೂ ಎಳೆದುಕೊಂಡು ಸೀದಾ ಅವರ ಅಡುಗೆಮನೆಗೆ ನುಗ್ಗುತ್ತಿದ್ದ. ಕೇಳುವುದೇನು, ಸ್ವಂತ ಜಾಗ!

"ಬರ್ರಿ ಮಾಲಕರ, ಕುಂದರ್ರಿ" ಎಂದು ಮುದುಕಿ ಮಣೆ ಹಾಕುತ್ತಿದ್ದಳು. ಸುಡುಸುಡು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಾವ ಗೋಡೆಗೆ ಬೆನ್ನು ಕೊಟ್ಟು ತೇಗುತ್ತ ನನ್ನ ಕಡೆ ತಿರುಗಿ, "ನೋಡಿದ್ಯಾ? ಇದಕ್ಕ ಆಸ್ತಿಯ ಆದಾಯ ಅಂತಾರ" ಎನ್ನುತ್ತಿದ್ದ. ಎರಡು ರೊಟ್ಟಿಯ ಆದಾಯಕ್ಕೆ ಬಸ್ ಚಾರ್ಜು ಎಷ್ಟಾಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಬಾಯಲ್ಲೂ ರೊಟ್ಟಿ ಇತ್ತು.

ಮಳೆಗಾಲದ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವುದು ನಮ್ಮ ಕಡೆಯ ಪದ್ಧತಿ. ಹಾಕದಿದ್ದರೆ ಸೋರುತ್ತದೆ. ಮಾವ ಜವಾಬ್ದಾರಿಯುಳ್ಳ ಮಾಲೀಕ. ಬಾದಾಮಿಗೆ ಹೋಗಿ, ಮಣ್ಣು ಹೊರಿಸಿ, ಮಾಳಿಗೆ ಹತ್ತಿ, ಮಂಗಗಳನ್ನು ಓಡಿಸುತ್ತ, ತನ್ನ ಅಂಕಣದ ಮೇಲೆ ಮಾತ್ರ ದಪ್ಪಗೆ ಮಣ್ಣು ಬಡಿಸಿ ಬಂದ. ಉಳಿದ ನಾಲ್ಕಂಕಣ ಅವನದಲ್ಲವಲ್ಲ! ಮೊದಲ ಮಳೆ ಬಿತ್ತು. ಇವನ ಮಣ್ಣಿನ ದಿಬ್ಬದ ಮೇಲೆ ಬಿದ್ದ ನೀರೆಲ್ಲ ಅತ್ತ ಇತ್ತ ಹರಿದು ಉಳಿದ ಮನೆಯೆಲ್ಲ ಸೋರತೊಡಗಿತು. ಹಾಸಿಗೆ, ಜೋಳದ ಚೀಲ, ತೊಟ್ಟಿಲು ಸಮೇತ ಇಡೀ ಮನೆಯವರು ಬಂದು ಅಡುಗೆಮನೆಯಲ್ಲಿ ಕುಳಿತರು. ಸುದ್ದಿ ಕೇಳಿದ ಮಾವನಿಗೆ ಹಿಗ್ಗೋ ಹಿಗ್ಗು.

"ನಮ್ಮ ಜಾಗಕ್ಕ ಹ್ಯಾಂಗ ಬೇಡಿಕಿ ಬಂತು ನೋಡು!"

ಮುಂದಿನ ವರ್ಷ ಮುದುಕಿ ಕರೆಸಿ ಎದುರಿಗೇ ಹೇಳಿದಳು, "ಮಾಲಕರ, ಹಾಕಿದ್ರ ಪೂರ್ತಿ ಹಾಕ್ರಿ, ಇಲ್ಲಂದ್ರ ಮಾಳಿಗಿ ಹತ್ತಬ್ಯಾಡ್ರಿ." ಅಂದಿನಿಂದ ಒಂದಂಕಣದ ಮಾಲೀಕ ಐದಂಕಣಕ್ಕೆ ಮಣ್ಣು ಹೊರಿಸತೊಡಗಿದ.

ಎರಡನೆಯದು ಇಳಕಲ್ಲಿನ ಪಡಸಾಲೆ. ಪಡಸಾಲೆ ಎಂದರೆ ಜನ ಕೂಡುವ ಜಾಗ ಎಂದು ನಂಬಿ ಮಾವ ಅದನ್ನು ಖರೀದಿಸಿದ್ದ. ಹೋಗಿ ನೋಡಿದರೆ ಅಲ್ಲಿ ಕುಳಿತದ್ದು ಮಗ್ಗ. ಇಳಕಲ್ ಸೀರೆ ನೇಯುವ ಕುಣಿಮಗ್ಗ. ನೇಕಾರ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟುಕೊಂಡು ನೇಯುತ್ತಾನೆ. ಅಂಕಣದ ಗಡಿ ಸರಿಯಾಗಿ ಮಗ್ಗದ ನಡುವೆ ಹಾದುಹೋಗಿತ್ತು. ಕುಣಿ ಮಾವನ ಕಡೆ, ಸೀರೆ ನೇಕಾರನ ಕಡೆ. ಅಂದರೆ ಆ ಮನುಷ್ಯನ ಕಾಲು ಬಾಡಿಗೆದಾರ, ಕೈ ಮಾಲೀಕ!

ಮಾವ ಕುಣಿಯ ಅಂಚಿಗೆ ನಿಂತು ಕೇಳಿದ, "ಈ ಕುಣಿ ಯಾರದಪಾ?"

"ನಂದ್ರಿ" ಎಂದ ನೇಕಾರ, ಲಾಳಿ ಎಸೆಯುವುದನ್ನು ನಿಲ್ಲಿಸದೆ.

"ಜಾಗಾ ನಂದೈತಿ."

"ಹೌದ್ರಿ, ಜಾಗಾ ನಿಮ್ಮದು. ಕುಣಿ ನಂದು."

"ನನ್ನ ಜಾಗಾದಾಗಿನ ಕುಣಿ ನಿಂದ ಹ್ಯಾಂಗ ಆಗತೈತಿ?"

ನೇಕಾರ ಲಾಳಿ ಹಿಡಿದು ನಿಲ್ಲಿಸಿ ಸಮಾಧಾನದಿಂದ ಹೇಳಿದ. "ನೀವು ತಗೊಂಡದ್ದ ನೆಲಾ ಹೌದಿಲ್ರಿ? ಇಲ್ಲೆ ನೆಲಾ ಎಲ್ಲೈತಿ? ನಮ್ಮಪ್ಪ ತಗದ ಹೊರಗ ಚೆಲ್ಲ್ಯಾನ. ನೆಲಾ ಇಲ್ಲದ ಕಡೆ ನಿಮ್ಮದೇನೈತ್ರಿ?"

ಮಾವ ಕುಣಿಯೊಳಗೆ ಒಮ್ಮೆ ಬಗ್ಗಿ ನೋಡಿ, ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದವನು ಬಾಗಲಕೋಟೆ ಹತ್ತಿರ ಬಂದಾಗ ನನ್ನ ತೊಡೆ ತಟ್ಟಿ, "ಅಳಿಯಾ, ನಾ ಕೊಂಡದ್ದರಾಗ ಒಂದಿಷ್ಟು ಇಲ್ಲದ್ದೂ ಸೇರೈತಿ ನೋಡು" ಎಂದ. ನೇಕಾರ ಮಾತ್ರ ಒಳ್ಳೆಯ ಮನುಷ್ಯ. ದೀಪಾವಳಿಗೆ ಅತ್ತೆಗೊಂದು ಸೀರೆ ಕಳಿಸಿದ. ಅತ್ತೆ ಅದರ ಟೋಪು ಸೆರಗನ್ನು ಬಿಚ್ಚಿ ನೋಡಿ ಮಡಚಿಟ್ಟಳು. "ಸ್ವಂತ ಮನ್ಯಾಗ ಉಟಗೋತೇನಿ" ಎಂದಳು.

ಅತ್ತೆಯ ಬಗ್ಗೆ ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ಅವಳು ಬಾಗಲಕೋಟೆಯ ಓಣಿ ಓಣಿಯಲ್ಲಿ ಬಾಡಿಗೆಗೆ ಇದ್ದವಳು. ಬೆಳಿಗ್ಗೆ ಎದ್ದ ಕೂಡಲೇ ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಎಳೆಯದೆ ಒಲೆ ಹೊತ್ತಿಸಿದವಳಲ್ಲ. ಅವಳು ಬಂದ ಮೇಲೆ ಎಂಥ ಹಾಳು ಬಾಗಿಲೂ ಮದುವೆ ಮನೆಯ ಬಾಗಿಲಾಗುತ್ತಿತ್ತು. ಅದನ್ನು ನೋಡಿ ಮನೆ ಮಾಲೀಕರಿಗೆ ತಾವೇ ಬಂದು ಇರಬೇಕೆನ್ನಿಸಿ "ಮನಿ ಬಿಡ್ರಿ" ಎನ್ನುತ್ತಿದ್ದರು! ಅವಳ ಆಸೆ ಒಂದೇ: ಯಾರೂ ಬಿಡಿ ಎನ್ನಲಾಗದ, ತನ್ನದೇ ಆದ ಒಂದು ಹೊಸ್ತಿಲು.

ಮಾವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಅವನ ಇಡೀ ಓಡಾಟ ಅದಕ್ಕಾಗಿಯೇ ಇತ್ತು ಎಂದು ಅವನು ಹೇಳುತ್ತಿದ್ದ. ಹುನಗುಂದದ ನಡುಮನೆ ಕೊಂಡ ದಿನ ಪೇಡೆ ತಂದು ಅವಳ ಕೈಗಿಟ್ಟ.

"ಮೂರಂಕಣ ಆದ್ವು! ಇನ್ನೆರಡ ಆದ್ರ ನಿನ್ನ ಐದಂಕಣದ ಮನಿ ಪೂರ್ತಿ!"

ಅತ್ತೆ ಪೇಡೆ ಬಾಯಿಗೆ ಹಾಕಿಕೊಳ್ಳಲಿಲ್ಲ. "ಏನ್ರಿ, ನಾ ಬದಾಮ್ಯಾಗ ಸಾರ ಕುದಿಯಾಕಿಟ್ಟು, ಹುನಗುಂದದಾಗ ಕಸಾ ಹೊಡದು, ಇಳಕಲ್ಲಾಗ ನಿಮಗ ಊಟಕ್ಕ ನೀಡ್ಲೇನು? ಸಾರಿಗಿ ಉಪ್ಪ ಕಡಿಮಿ ಆದ್ರ ಯಾವ ಬಸ್ಸಿಗೆ ಹೋಗ್ಲಿ?"

"ಎಲ್ಲಾ ಒಂದಕಡೆ ತರೋದು ಆಮ್ಯಾಲಿನ ಮಾತ" ಎಂದ ಮಾವ. ಮನೆಯನ್ನು ಒಂದು ಕಡೆಗೆ ತರುವುದು ಹೇಗೆ? ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದಳು. ಪೇಡೆಯನ್ನು ನಾನೇ ತಿಂದೆ.

ಹುನಗುಂದದ್ದು ಇನ್ನೊಂದು ಥರದ ಗೊಂದಲ. ಅಲ್ಲಿ ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವನು ತನ್ನ ನಡುಮನೆ ಮಾರಿ ಸೋಲಾಪುರಕ್ಕೆ ಹೋಗಿದ್ದ. ಮುಂದಿನ ಅಂಕಣಗಳಲ್ಲಿ ಅಣ್ಣ, ಹಿಂದಿನ ಅಂಕಣಗಳಲ್ಲಿ ತಮ್ಮ. ಇಬ್ಬರಿಗೂ ಮಾತಿಲ್ಲ. ಯಾಕೆ ಮಾತು ಬಿಟ್ಟರು ಎನ್ನುವುದು ಅವರಿಗೂ ಮರೆತುಹೋಗಿತ್ತು, ಮಾತು ಬಿಟ್ಟದ್ದು ಮಾತ್ರ ನೆನಪಿತ್ತು. ಹಿತ್ತಲಿಗೆ ಬೇರೆ ದಾರಿ ಇದ್ದುದರಿಂದ ಇಬ್ಬರ ನಡುವೆ ನಡುಮನೆಯ ತೇಗಿನ ಬಾಗಿಲು ಸದಾ ಮುಚ್ಚಿಯೇ ಇರುತ್ತಿತ್ತು. ಮಾವ ಹೋದಾಗ ಮಾತ್ರ ಅದು ತೆರೆಯುತ್ತಿತ್ತು. ತೆರೆದದ್ದೇ ತಡ, ಅತ್ತ ಅಣ್ಣ ಇತ್ತ ತಮ್ಮ ಬಂದು ನಿಲ್ಲುತ್ತಿದ್ದರು.

"ಮಾಲಕರ, ಎತ್ತಿನ ಕೊಳ್ಳಗಂಟಿ ಒಯ್ದಾನ, ಕೊಡಾಕ ಹೇಳ್ರಿ ಅವಗ" ಎನ್ನುತ್ತಿದ್ದ ಅಣ್ಣ. ತಮ್ಮ ಎರಡು ಮೊಳ ದೂರದಲ್ಲಿ ನಿಂತಿರುತ್ತಿದ್ದ.

ಮಾವ ಗಂಭೀರವಾಗಿ ಅವನ ಕಡೆ ತಿರುಗಿ, "ಎತ್ತಿನ ಕೊಳ್ಳಗಂಟಿ ಕೊಡಬೇಕಂತ" ಎನ್ನುತ್ತಿದ್ದ.

"ಅವ್ವನ ತಾಮ್ರದ ಹಂಡೆ ಎಲ್ಲೈತಿ ಕೇಳ್ರಿ ಮೊದಲ."

"ಹಂಡೆ ಎಲ್ಲೈತಿ ಅಂತ ಕೇಳಾಕತ್ತಾನ."

ಹೀಗೆ ಒಂದೇ ಮಾತು ಎರಡೆರಡು ಸಲ ಆಗಿ ಮಧ್ಯಾಹ್ನ ಕಳೆಯುತ್ತಿತ್ತು. ಗಂಟೆ, ಹಂಡೆ ಎರಡೂ ಇದ್ದಲ್ಲೇ ಇರುತ್ತಿದ್ದವು. ಮಾವನ ಗಂಟಲು ಆರುತ್ತಿತ್ತು. ನಡುಮನೆಯ ಆದಾಯ ಎಂದು ಅವನಿಗೆ ಎರಡೂ ಕಡೆಯಿಂದ ಚಹಾ ಸಿಗುತ್ತಿತ್ತು, ಅಷ್ಟೇ.

ಹೀಗೆಯೇ ನಡೆದಿದ್ದರೆ ಏನಾಗುತ್ತಿತ್ತೋ. ಎಂಬತ್ತರ ದಶಕ ಶುರುವಾದ ಮೇಲೆ ಒಂದು ಸಂಜೆ ಮನೆ ಮಾಲೀಕ ಬಂದು, ಮಗನ ಮದುವೆ ಗೊತ್ತಾಗಿದೆ, ಮನೆ ಬೇಕು, ಬಿಡಿ ಎಂದ. ಅತ್ತೆ ಎಂದಿನಂತೆ ಏನಾದರೂ ಅನ್ನುತ್ತಾಳೆಂದು ನಾವಿಬ್ಬರೂ ಕಾದೆವು. ಅವಳು ಬೈಯಲಿಲ್ಲ. ತಲಬಾಗಿಲ ಬಳಿ ಕುಳಿತು, ಬೆಳಿಗ್ಗೆ ತಾನೇ ಹಚ್ಚಿದ ಅರಿಶಿನದ ಮೇಲೆ ಕೈಯಾಡಿಸಿದಳು.

"ಮಂದಿ ಹೊಸ್ತಿಲಾ ತೊಳದು ತೊಳದು ಕೈ ಸವದು ಹೋದ್ವು. ನನ್ನ ಹೆಣಾನರ ನನ್ನ ಹೊಸ್ತಿಲಾ ದಾಟಿ ಹೋಗ್ಲಿ ಅಂದಿದ್ದೆ. ಅದೂ ಆಗಾಂಗ ಕಾಣೂದಿಲ್ಲ."

ಮರುದಿನ ಬೆಳಿಗ್ಗೆ ಮಾವ ನನ್ನನ್ನು ಎಬ್ಬಿಸಿ, "ಮಾರೂಣು ನಡಿ, ಮೂರೂ ಮಾರಿ ಆಕಿಗೊಂದ ಇಡೀ ಮನಿ ತಗೋತೇನಿ" ಎಂದ. ಅವನ ಮುಖದಲ್ಲಿ ಆಟ ಇರಲಿಲ್ಲ.

ಮಾರುವುದೇನು ಹುಡುಗಾಟವೇ? ಬಾದಾಮಿಯ ಮುದುಕಿಯ ಮಗ ಕೈಮುಗಿದ. "ನನ್ನ ಕಡೆ ರೊಕ್ಕಿಲ್ರಿ, ಬ್ಯಾರೇದವರಿಗೆ ಕೊಟ್ರ ಒಲಿ ಎಲ್ಲಿ ಹೂಡ್ಲಿ?" ಇಳಕಲ್ಲಿನ ನೇಕಾರ ಕುಣಿಯೊಳಗಿಂದ ನಮ್ಮನ್ನು ನೋಡಿದ ನೋಟಕ್ಕೇ ಮಾವ ಮಾತು ಬದಲಿಸಿ ಸೀರೆಯ ಬಣ್ಣ ಚೆನ್ನಾಗಿದೆ ಎಂದ. ಹೊರಗಿನ ದಲ್ಲಾಳಿಗಳನ್ನು ವಿಚಾರಿಸಿದರೆ ಎಲ್ಲರೂ ನಕ್ಕರು. ಬೇರೆಯವರ ಮನೆಯೊಳಗಿನ ಒಂದಂಕಣವನ್ನು ಕೊಳ್ಳುವ ಮನುಷ್ಯ ಇಡೀ ವಿಜಾಪುರ ಜಿಲ್ಲೆಗೆ ಒಬ್ಬನೇ ಇದ್ದ. ಅವನೇ ಈಗ ಮಾರಲು ಹೊರಟಿದ್ದ!

ಕೊನೆಗೆ ಹುನಗುಂದ. ಅಣ್ಣ ಕೊಂಡರೆ ತಮ್ಮ ಸುಮ್ಮನಿರುವುದಿಲ್ಲ, ತಮ್ಮ ಕೊಂಡರೆ ಅಣ್ಣ ಸುಮ್ಮನಿರುವುದಿಲ್ಲ. ಮಾವ ಸೋತು ನಡುಮನೆಯ ಬಾಗಿಲಲ್ಲೇ ಕುಸಿದು ಕುಳಿತ. ಸ್ವಲ್ಪ ಹೊತ್ತಿನ ಮೇಲೆ ತಾನು ಕುಳಿತದ್ದು ಯಾವುದರ ಮೇಲೆ ಎಂದು ಬಗ್ಗಿ ನೋಡಿದ. ತೇಗಿನ ದಪ್ಪ ಹೊಸ್ತಿಲು. ಎಷ್ಟೋ ವರ್ಷ ತುಳಿಸಿಕೊಂಡು ನಡುವೆ ಸವೆದಿತ್ತು.

"ಈ ಬಾಗಿಲಾ ಯಾರದು?" ಎಂದು ಕೇಳಿದ.

ಅಣ್ಣ ತಮ್ಮ ಇಬ್ಬರೂ ಒಮ್ಮೆಲೇ ಹೇಳಿದರು, "ನಿಮ್ಮದ್ರಿ."

ಅವರಿಬ್ಬರೂ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ನಾನು ಕೇಳಿದ್ದು ಅದೇ ಮೊದಲು. ಮಾವ ಎದ್ದು ನಿಂತ. ಹಾರೆ ತರಿಸಿದ. ನನಗೆ ಏನು ನಡೆಯುತ್ತಿದೆ ಎಂದು ತಿಳಿಯುವುದರೊಳಗೆ ಚೌಕಟ್ಟು ಗೋಡೆ ಬಿಟ್ಟಿತ್ತು. ಅದರ ಭಾರ ಒಬ್ಬರಿಗೆ ಏಳುವಂಥದ್ದಲ್ಲ. ಒಂದು ತುದಿಗೆ ಅಣ್ಣ, ಇನ್ನೊಂದು ತುದಿಗೆ ತಮ್ಮ ಕೈ ಹಾಕಬೇಕಾಯಿತು. "ಸಾವಕಾಶ ಲೇ, ಬೆರಳಿಗೆ ಬಡದೀತು" ಎಂದ ಅಣ್ಣ. ಯಾರ ಮೂಲಕವೂ ಅಲ್ಲ, ನೇರವಾಗಿ. ತಮ್ಮ ಒಂದು ಗಳಿಗೆ ಅಣ್ಣನ ಮುಖ ನೋಡಿ "ಹೂಂ" ಎಂದ. ಬಾಗಿಲು ಹೋದ ಮೇಲೆ ಇಬ್ಬರೂ ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಲೇಬೇಕಾಗಿ, ಗಂಟೆ ಹಂಡೆಗಳ ವ್ಯವಹಾರ ತಾವೇ ಬಗೆಹರಿಸಿಕೊಂಡರೆಂದು ಆಮೇಲೆ ಕೇಳಿದೆ.

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಚೌಕಟ್ಟನ್ನು ಸುತ್ತು ಹಾಕಿ ನೋಡಿದ. "ಏನ್ರಿ ಇದು?"

"ನಮ್ಮ ಮನಿ."

"ಮನಿಗೆ ಟಿಕೆಟ್ ಹ್ಯಾಂಗ ಹರೀಲ್ರಿ?"

"ಇದು ಸಾಮಾನ ಅಲ್ಲಪಾ, ಸ್ಥಿರಾಸ್ತಿ" ಎಂದ ಮಾವ.

"ಸ್ಥಿರ ಇದ್ರ ಇಲ್ಲೇ ಇರಲೇಳ್ರಿ!"

ಬಸ್ಸಿನ ತುಂಬ ನಗು. ಮಾವ ಮಾತ್ರ ನಗಲಿಲ್ಲ. "ಮನ್ಯಾಗ ಹೆಣಮಗಳು ಕಾಯಾಕತ್ತಾಳಪಾ" ಎಂದ. ಕಂಡಕ್ಟರನಿಗೆ ಏನನ್ನಿಸಿತೋ, ತಾನೇ ಮೇಲೆ ಹತ್ತಿ ಹಗ್ಗ ಕಟ್ಟಿಸಿದ. ಕೈಯಲ್ಲಿ ಇಡೀ ಮನೆ ಇಲ್ಲ, ತಂದದ್ದು ಒಂದು ಬಾಗಿಲು. ಅತ್ತೆಗೆ ಏನು ಹೇಳುವುದು ಎಂದು ನನಗೆ ದಾರಿಯುದ್ದಕ್ಕೂ ಚಿಂತೆ.

ಆ ವಾರ ನಾವು ಬೇರೊಂದು ಬಾಡಿಗೆ ಮನೆಗೆ ಹೋದೆವು. ಚೌಕಟ್ಟು ಅಲ್ಲಿಯ ತಲಬಾಗಿಲಿಗೆ ಹೊಂದಲಿಲ್ಲ. ಮಾವ ಅದನ್ನು ಪಡಸಾಲೆಯೊಳಗೆ, ತಲಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ, ಎರಡೂ ಬದಿಗೆ ಕಲ್ಲು ಕೊಟ್ಟು ನಿಲ್ಲಿಸಿದ. ನೋಡಲು ಬಂದ ಹೊಸ ಮಾಲೀಕ ದಂಗಾದ.

"ಏನ್ರಿ ಇದು, ಮನಿಯೊಳಗ ಮತ್ತೊಂದ ಬಾಗಿಲಾ?"

"ಇಲ್ಲಿತನಾ ನಿಮ್ಮ ಮನಿ. ಇಲ್ಲಿಂದ ಮುಂದ ನಮ್ಮದು."

"ಬಾಡಿಗಿ?"

"ಪೂರ್ತಿ ಕೊಡ್ತೇನಿ."

ಮಾಲೀಕ ತಲೆ ಕೆರೆದುಕೊಳ್ಳುತ್ತ ಹೋದ. ನನಗೂ ಅದೇ ಪಾಡು. ಹೋದಲ್ಲೆಲ್ಲ ಹೊತ್ತೊಯ್ಯಬಹುದಾದ ಈ ಹೊಸ್ತಿಲು ಚರಾಸ್ತಿಯೋ ಸ್ಥಿರಾಸ್ತಿಯೋ? ಬಲ್ಲವರು ಹೇಳಬೇಕು.

ಅತ್ತೆ ಚೌಕಟ್ಟನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ಮೂಲೆ ಸೇರಿದೆ. ಅವಳು ಒಳಗೆ ಹೋಗಿ ಒಂದು ಚರಿಗೆ ನೀರು ತಂದಳು. ಹುನಗುಂದದ ಧೂಳೆಲ್ಲ ಹೋಗುವ ಹಾಗೆ ಹೊಸ್ತಿಲನ್ನು ತಿಕ್ಕಿ ತಿಕ್ಕಿ ತೊಳೆದಳು. ಸೆರಗಿನಿಂದ ಒರೆಸಿ ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು, ಎರಡೂ ತುದಿಗೆ ರಂಗೋಲಿ ಎಳೆದಳು. ಆಮೇಲೆ ಪೆಟ್ಟಿಗೆ ತೆರೆದು, ಮಡಚಿಟ್ಟಿದ್ದ ಆ ಇಳಕಲ್ ಸೀರೆಯನ್ನು ಉಟ್ಟುಕೊಂಡು ಬಂದು ಹೊಸ್ತಿಲ ಒಳಗೆ ನಿಂತಳು. ಅವಳ ಕಣ್ಣು ತುಂಬಿತ್ತು.

ಮಾವ ಹೊರಗೆ, ಮಾಲೀಕನ ನಾಲ್ಕು ಹೆಜ್ಜೆ ಜಾಗದಲ್ಲಿ ನಿಂತಿದ್ದ. ಯಾರ ಯಾರ ಅಡುಗೆಮನೆಗೋ ಕೇಳದೆ ನುಗ್ಗುತ್ತಿದ್ದ ಮನುಷ್ಯ, ಚಪ್ಪಲಿ ಬಿಟ್ಟು, ಟೊಪ್ಪಿಗೆ ಸರಿ ಮಾಡಿಕೊಂಡು, ಹಾಗೇ ನಿಂತೇ ಇದ್ದ.

"ಅಲ್ಲೇ ಯಾಕ ನಿಂತೀರಿ?" ಎಂದಳು ಅತ್ತೆ.

"ನೀ ಕರೀಲಿ ಅಂತ."

ಅತ್ತೆ ಸೆರಗು ತಲೆಯ ಮೇಲೆಳೆದುಕೊಂಡಳು. "ಬರ್ರಿ" ಎಂದಳು. "ಒಳಗ ಬರ್ರಿ."

ಮಾವ ಬಲಗಾಲು ಎತ್ತಿ, ಹೊಸ್ತಿಲು ತುಳಿಯದಂತೆ ದಾಟಿ, ತನ್ನ ಹೆಂಡತಿಯ ಮನೆಯೊಳಗೆ ಹೋದ.